ಮಗನ ಕಾಲಿಗೆ ರಿಂಗ್ ಹಾಕಿಸಿದ ಆಸ್ಪತ್ರೆ: ಡಾಕ್ಟ್ರಿಗೆ 5 ಸ್ಟಾರ್, ಡಿಸ್ಚಾರ್ಜ್ ಕೌಂಟರ್‌ಗೆ 1

ಆಸ್ಪತ್ರೆ ಹೆಸರು ಹಾಕ್ತಿಲ್ಲ, ಫಾಲೋಅಪ್ ಇನ್ನೂ ಅಲ್ಲೇ ನಡೀತಿದೆ, ಮತ್ತೆ ಅದೇ ಮುಖಗಳನ್ನ ನೋಡ್ಬೇಕಲ್ಲ. ಬೆಂಗಳೂರು ಸೌತ್ ಕಡೆ ಒಂದು ಪ್ರೈವೇಟ್ ಆಸ್ಪತ್ರೆ ಅಂತಷ್ಟೇ ಇಟ್ಕೊಳ್ಳಿ.

ಮಗನಿಗೆ 7 ವರ್ಷ. ಆಟ ಆಡ್ತಾ ಬಿದ್ದ, ಎರಡು ದಿನಕ್ಕೆ ಜ್ವರ ಬಂತು, ಮೊಣಕಾಲ ಕೆಳಗೆ ಮುಟ್ಟಿದ್ರೆ ಕಿರುಚ್ತಿದ್ದ. ಉಳುಕು ಅಂದ್ಕೊಂಡು ಎಣ್ಣೆ ಹಾಕಿ ನೀವಿಸಿದ್ವಿ, ಈಗ ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ. ಮೂಳೆ ಒಳಗೆ ಕೀವು, ಆಸ್ಟಿಯೋಮೈಲೈಟಿಸ್ ಅಂತ ಗೊತ್ತಾಗೋ ಹೊತ್ತಿಗೆ ಒಂದಷ್ಟು ಮೂಳೆ ರಕ್ತ ಸಿಗದೆ ಸತ್ತೇ ಹೋಗಿತ್ತು.

ಬೇರೆ ಕಡೆ ಎರಡು ಸಲ ಕೀವು ತೆಗೆಸಿ ಆಮೇಲೆ ಈ ಡಾಕ್ಟ್ರ ಹತ್ರ ಬಂದಿದ್ದು. ಅವ್ರು ಸತ್ತ ಮೂಳೆನ ತಕ್ಷಣ ತೆಗೀಲಿಲ್ಲ, 3 ತಿಂಗಳು ಕಾಯಿಸಿದ್ರು. ದುಡ್ಡಿಗೆ ಎಳೀತಿದಾರೆ ಅಂತ ನಾನು ಮನೇಲಿ ಗೊಣಗಿದ್ದೂ ಉಂಟು. ವಿಷಯ ಏನಂದ್ರೆ ಮಕ್ಕಳ ಮೂಳೆ ಮೇಲಿನ ಪೊರೆ ಚೆನ್ನಾಗಿದ್ರೆ ಸತ್ತ ಮೂಳೆ ಸುತ್ತ ಹೊಸ ಮೂಳೆ ಚಿಪ್ಪಿನ ತರ ತಾನೇ ಬೆಳೆಯುತ್ತೆ, ಆತುರ ಪಟ್ಟು ತೆಗೆದ್ರೆ ಕಾಲಿಗೆ ಆಧಾರನೇ ಇರಲ್ಲ. ನಮ್ಮ ಹಣೆಬರಹ, ಅದು ಸರಿಯಾಗಿ ಬೆಳೀಲಿಲ್ಲ. ಸತ್ತಿದ್ದನ್ನ ತೆಗೆದ್ಮೇಲೆ 6 ಸೆಂಟಿಮೀಟರ್ ಗ್ಯಾಪ್.

ಅವತ್ತು ಒಪಿಡಿಲಿ 40 ನಿಮಿಷ ಕೂತು ಹಾಳೆ ಮೇಲೆ ಚಿತ್ರ ಬರೆದು ವಿವರಿಸಿದ್ರು ನೋಡಿ, 5 ಸ್ಟಾರ್ ಅದಕ್ಕೇ. ಪಕ್ಕದ ತೆಳ್ಳಗಿನ ಮೂಳೆ ಫಿಬುಲಾನ ಸರಿಸಿ ದೊಡ್ಡ ಮೂಳೆ ಜಾಗದಲ್ಲಿ ಕೂರಿಸಬಹುದು, ಮಕ್ಕಳಲ್ಲಿ ಭಾರ ಹೊತ್ತು ಹೊತ್ತು ಅದು ದಪ್ಪ ಆಗುತ್ತಂತೆ. ಇಲ್ಲಾಂದ್ರೆ ಗ್ಯಾಪ್‌ಗೆ ಮೂಳೆ ಆಪರೇಷನ್‌ಗೆ ಅಂತಲೇ ಇರೋ ಸಿಮೆಂಟ್ ತುಂಬಿ, ಕೆಲವು ವಾರದಲ್ಲಿ ಸುತ್ತ ಪೊರೆ ಕಟ್ಕೊಂಡ್ಮೇಲೆ ಅದನ್ನ ತೆಗೆದು ಸೊಂಟದ ಮೂಳೆ ತುಂಬೋದು, ಆದ್ರೆ ಚಿಕ್ಕ ಮಗು ಸೊಂಟದಲ್ಲಿ ಅಷ್ಟು ಮೂಳೆ ಎಲ್ಲಿ ಸಿಗುತ್ತೆ? ಕೊನೆಗೆ ಇಲಿಜಾರೋವ್ ರಿಂಗ್ ಅಂತ ಆಯ್ತು. ಸೈಬೀರಿಯಾದ ಕುರ್ಗಾನ್ ಅನ್ನೋ ಊರಲ್ಲಿ 1950ರ ದಶಕದಲ್ಲಿ ಇಲಿಜಾರೋವ್ ಅನ್ನೋ ಡಾಕ್ಟ್ರು ಬೆಳೆಸಿದ ವಿಧಾನ ಇದು. ಕಾಲಿನ ಸುತ್ತ ಬಳೆಗಳು, ಸೈಕಲ್ ಕಡ್ಡಿ ತರ ತಂತಿಗಳು ಮೂಳೆನೇ ತೂರಿಕೊಂಡು ಹೋಗಿರ್ತವೆ. ಗಟ್ಟಿ ಇರೋ ಕಡೆ ಮೂಳೆ ಕತ್ತರಿಸಿ, ವಾರ ಬಿಟ್ಟು ಆ ತುಂಡನ್ನ ದಿನಕ್ಕೆ 1 ಮಿಲಿಮೀಟರ್ ಕೆಳಗೆ, ಗ್ಯಾಪ್ ಕಡೆಗೆ ಸರಿಸ್ತಾ ಹೋದ್ರೆ ಹಿಂದೆ ಹೊಸ ಮೂಳೆ ಹುಟ್ಟುತ್ತೆ.

ಆ ಸರಿಸೋ ಕೆಲಸ ಮಾಡೋದು ಡಾಕ್ಟ್ರಲ್ಲ, ನಾವು. ದಿನಕ್ಕೆ 4 ಸಲ, ಸ್ಪ್ಯಾನರ್ ಹಿಡಿದು ರಿಂಗ್‌ನಲ್ಲಿರೋ ನಟ್‌ನ 1/4 ಸುತ್ತು ತಿರುಗಿಸ್ಬೇಕು, ಒಂದು ಸಲಕ್ಕೆ ಕಾಲು ಮಿಲಿಮೀಟರ್.

ನನ್ನ ದೂರು ಇಲ್ಲೇ ಇರೋದು. ಡಿಸ್ಚಾರ್ಜ್ ದಿನ ಬೆಳಿಗ್ಗೆ 10ರಿಂದ ರಾತ್ರಿ 8ರ ತನಕ ಇನ್ಶೂರೆನ್ಸ್ ಅಪ್ರೂವಲ್ ಅಂತ ಕೂರಿಸಿ, ಕೊನೇಲಿ ಒಬ್ರು ಸಿಸ್ಟರ್ ಬಂದು ಎರಡೇ ನಿಮಿಷದಲ್ಲಿ ನಟ್ ತಿರುಗಿಸೋದು ತೋರ್ಸಿ ಹೋದ್ರು, ಕೈಗೆ ಕೊಟ್ಟ ಚೀಟಿ ಪೂರ್ತಿ ಇಂಗ್ಲಿಷ್, ಅದರಲ್ಲಿ ಕ್ಲಾಕ್‌ವೈಸ್ ಅಂತ ಒಂದೇ ಪದ. ಸಿಸ್ಟರ್ ನಿಂತಿದ್ದು ಮಗನ ತಲೆ ಕಡೆ, ಮನೇಲಿ ನಾನು ಕೂತಿದ್ದು ಪಾದದ ಕಡೆ. ಆ ಕಡೆಯಿಂದ ನೋಡಿ ಕ್ಲಾಕ್‌ವೈಸ್ ತಿರುಗಿಸಿದ್ರೆ ನಟ್ ಮೇಲಕ್ಕೆ ಹೋಗುತ್ತೆ! "ರೀ, ಬಿಗಿ ಆಗ್ತಿದೆ, ಬಿಡಿ" ಅಂತ ಹೆಂಡತಿ ಹೇಳಿದ್ಲು, ನಾನು ಕೇಳ್ಲಿಲ್ಲ. ಒಂದೂವರೆ ದಿನ ಹಾಗೇ. ವಾರ್ಡ್ ಫೋನ್ ಯಾರೂ ಎತ್ತಲಿಲ್ಲ, ಫಿಸಿಯೋ ಹುಡುಗನೇ ರಾತ್ರಿ ವಾಟ್ಸಾಪಲ್ಲಿ ವಿಡಿಯೋ ಕಳಿಸಿ ಬಚಾವ್ ಮಾಡಿದ. ಮಾರನೇ ದಿನ ಎಕ್ಸ್‌ರೇ, ಪುಣ್ಯಕ್ಕೆ ಏನೂ ಹಾನಿ ಆಗಿರ್ಲಿಲ್ಲ. ಆಮೇಲೆ ಪ್ರತಿ ನಟ್‌ಗೂ ಕೆಂಪು ನೇಲ್ ಪಾಲಿಶಲ್ಲಿ ಬಾಣ ಬರ್ಕೊಂಡ್ವಿ. ಅದನ್ನ ಆಸ್ಪತ್ರೆಯವ್ರೇ ಮಾಡಿ ಕಳಿಸಿದ್ರೆ ಏನಾಗ್ತಿತ್ತು?

ತಂತಿ ಹತ್ರ ಎರಡು ಸಲ ಇನ್ಫೆಕ್ಷನ್ ಆಯ್ತು, ಮಾತ್ರೆಲೇ ಕಮ್ಮಿ ಆಯ್ತು, ರಿಂಗ್ ಹಾಕಿದವರಿಗೆ ಅದು ಮಾಮೂಲಂತೆ. ತುಂಡು ಕೆಳಗಿನ ಮೂಳೆಗೆ ಬಂದು ಮುಟ್ಟಿದ ಮೇಲೆ ಅಲ್ಲಿ ಕೂಡ್ಲಿ ಅಂತ ಒಂದು ಸಣ್ಣ ಆಪರೇಷನ್. ಪಾದ ಕೆಳಕ್ಕೆ ಜೋತು ಬೀಳ್ದಿರೋ ಹಾಗೆ ದಿನಾ ಎಕ್ಸರ್‌ಸೈಜ್, ಅವನು ಅತ್ತಿದ್ದು ನಟ್‌ಗಲ್ಲ, ಇದಕ್ಕೆ. ಸರಿಸೋದು 2 ತಿಂಗಳಲ್ಲಿ ಮುಗೀತು, ಮೂಳೆ ಗಟ್ಟಿಯಾಗಿ ರಿಂಗ್ ಬಿಚ್ಚೋಕೆ ಒಟ್ಟು 9 ತಿಂಗಳು. 8 ಅಂದಿದ್ರು.

ಈಗ ನಡೀತಾನೆ, ಆ ಕಾಲು 1 ಸೆಂಟಿಮೀಟರ್ ಗಿಡ್ಡ, ಶೂ ಒಳಗೆ ಒಂದು ಪ್ಯಾಡ್. ಬೆಳೆಯೋ ವಯಸ್ಸು, ವರ್ಷ ವರ್ಷ ಅಳತೆ ನೋಡ್ಬೇಕು ಅಂದಿದಾರೆ. ಪಾರ್ಕಿಂಗ್ ಇಲ್ಲ, ಆಟೋಲೇ ಹೋಗಿ. ಕ್ಯಾಂಟೀನ್ ಇಡ್ಲಿ ಪರ್ವಾಗಿಲ್ಲ. ನಮ್ಮ ಏರಿಯಾ ಟೈಲರ್ ರಿಂಗ್ ಮೇಲೆ ಹಾಕೋ ಹಾಗೆ ಪಕ್ಕದಲ್ಲಿ ವೆಲ್ಕ್ರೋ ಇಟ್ಟು ಹೊಲಿದ ಎರಡು ಪ್ಯಾಂಟ್ ಇನ್ನೂ ಚೆನ್ನಾಗಿವೆ, 7-8 ವರ್ಷದ ಮಕ್ಕಳಿಗೆ ಆಗುತ್ತೆ, ಬೇಕಿದ್ದವ್ರು ಕೇಳಿ, ಕೊಡ್ತೀನಿ.