ಅಡುಗೆಮನೆ ನೋಡಲು ಹೆಡ್‌ಸೆಟ್ಟೋ, ಫೋನೋ?

ರಾಜಾಜಿನಗರದ ನಮ್ಮ ಹಳೇ ಮನೆಯ ಅಡುಗೆಮನೆ ಒಡೆಸಿ ಹೊಸದು ಮಾಡಿಸಬೇಕಿತ್ತು. ನಕ್ಷೆ ನೋಡಿದರೆ ನನಗೆ ಏನೂ ತಲೆಗೆ ಹೋಗುವುದಿಲ್ಲ. ಅದಕ್ಕೇ ವಿಆರ್ (ಸುತ್ತಲೂ ಕಂಪ್ಯೂಟರ್ ಕಟ್ಟಿದ ಮನೆಯೇ ಕಾಣುವುದು), ಎಆರ್ (ನಿಜವಾದ ಮನೆಯ ಮೇಲೆ ಕಂಪ್ಯೂಟರ್ ಚಿತ್ರ ಕೂರಿಸುವುದು) ಎರಡನ್ನೂ ನೋಡಿಯೇಬಿಟ್ಟೆ.

ಇಂಟೀರಿಯರ್‌ನವರು (ಹೆಸರು ಬೇಡ ಬಿಡಿ) ತಲೆಗೆ ಕ್ವೆಸ್ಟ್ 3 ಅನ್ನುವ ವಿಆರ್ ಹೆಡ್‌ಸೆಟ್ ಕಟ್ಟಿದರು. 515 ಗ್ರಾಂ ತೂಕ. ಕೈಯಲ್ಲಿ ಏನೂ ಅನ್ನಿಸುವುದಿಲ್ಲ, ಹತ್ತು ನಿಮಿಷ ಕೆನ್ನೆ ಮೇಲೆ ಕೂತರೆ ಗೊತ್ತಾಗುತ್ತದೆ. ಕೈಯಲ್ಲಿನ ರಿಮೋಟಿನ ಸ್ಟಿಕ್ ಒತ್ತಿ ಆ ಮನೆಯೊಳಗೆ ನಡೆದಾಗ ಹೊಟ್ಟೆ ತೊಳೆಸಿತು. ಕಣ್ಣು ನಡೀತಿದ್ದೀನಿ ಅನ್ನುತ್ತದೆ, ಒಳಗಿವಿ ನಿಂತಿದ್ದೀನಿ ಅನ್ನುತ್ತದೆ. ಇಬ್ಬರ ಜಗಳದಲ್ಲಿ ಹೊಟ್ಟೆಗೆ ಏಟು. ನಡೆಯುವ ಬದಲು ಒಂದು ಜಾಗದಿಂದ ಇನ್ನೊಂದಕ್ಕೆ ನೆಗೆಯುವಂತೆ ಬದಲಾಯಿಸಿದ ಮೇಲೆ ಸರಿಹೋಯಿತು.

ಅಮ್ಮನಿಗೂ ಹಾಕಿಸಿದೆ. ಹಾಕಿಕೊಂಡವರ ಎತ್ತರದಿಂದಲೇ ಮನೆ ಕಾಣುತ್ತದೆ, ನನಗೆ ಜಾಸ್ತಿ ಹಿಡಿಸಿದ್ದು ಅದೇ. ಅಮ್ಮ ಮೇಲಿನ ಕಪಾಟಿಗೆ ಕೈ ಚಾಚಿ, “ಇಲ್ಲಿ ಸಾಸಿವೆ ಡಬ್ಬಿ ಇಟ್ಟರೆ ಸ್ಟೂಲ್ ಹತ್ತಬೇಕು” ಅಂದರು. ಕಾಗದದ ಮೇಲೆ ಇದು ಹೊಳೆಯುತ್ತಿತ್ತಾ? ಆದರೆ ಮೂಲೆಯ ಕಂಬವೇ ಅಲ್ಲಿರಲಿಲ್ಲ! ಅಳತೆ ತೆಗೆದವರು ಬಿಟ್ಟಿದ್ದರು. ಕಿಟಕಿಯಲ್ಲಿ ಬಿಸಿಲು ಬೇರೆ ಸುರಿಯುತ್ತಿತ್ತು. ನಮ್ಮ ಕಿಟಕಿಗೆ ಕಾಣುವುದು ಪಕ್ಕದ ಮನೆ ಗೋಡೆ.

ಫೋನಿನ ಎಆರ್‌ನಲ್ಲಿ ಈ ಸುಳ್ಳು ನಡೆಯುವುದಿಲ್ಲ. ಕಂಬ, ಗ್ಯಾಸ್ ಪೈಪು, ಎಣ್ಣೆ ಜಿಡ್ಡು ಎಲ್ಲ ನಮ್ಮದೇ. ನಡುವೆ ಫ್ರಿಜ್ ಮಾತ್ರ ಬೊಂಬೆ. ತೊಂದರೆ ಅಂದರೆ, ಹೊಳೆಯುವ ಬಿಳಿ ಟೈಲ್ಸ್ ಮೇಲೆ ಫ್ರಿಜ್ ತೇಲಾಡುತ್ತಿತ್ತು. ಕ್ಯಾಮೆರಾಗೆ ನೆಲ ಹಿಡಿಯಲು ಗುರುತುಗಳು ಬೇಕು. ಪಟ್ಟೆ ಪಟ್ಟೆ ಜಮಖಾನ ಹಾಸಿದೆ, ನಿಂತಿತು. 2020ರಿಂದ ಐಫೋನ್ ಪ್ರೊಗಳಲ್ಲಿ ಲೈಡಾರ್ ಇದೆ, ಅದು ತಾನೇ ಬೆಳಕು ಹಾಯಿಸಿ ದೂರ ಅಳೆಯುತ್ತದೆ. ನನ್ನದು ಸಾದಾ ಆಂಡ್ರಾಯ್ಡ್. ಇನ್ನು ಫೋನ್ ಅಂದರೆ ಅಂಗೈಯಗಲದ ಕಿಟಕಿ, ಇಬ್ಬರು ನಿಂತರೆ ಇಕ್ಕಟ್ಟಾಗುತ್ತದಾ ಅಂತ ಅದರಲ್ಲಿ ತಿಳಿಯುವುದಿಲ್ಲ.

ಪೀಣ್ಯದ ಫ್ಯಾಕ್ಟರಿಯಲ್ಲಿರುವ ಗೆಳೆಯ ಹೋಲೋಲೆನ್ಸ್ 2 ಅನ್ನುವ ಎಆರ್ ಕನ್ನಡಕ ಕೂಡ ಹಾಕಿಸಿದ. ಗಾಜಿನ ಮೂಲಕ ನಿಜವಾದ ಮೆಷಿನ್ನೇ ಕಾಣುತ್ತದೆ, ಯಾವ ಬೋಲ್ಟ್ ಬಿಚ್ಚಬೇಕು ಅಂತ ಅದರ ಮೇಲೆ ಬಾಣ. ಎರಡೂ ಕೈ ಖಾಲಿ, ರಿಪೇರಿಯವರಿಗೆ ಇನ್ನೇನು ಬೇಕು? ಮೈಕ್ರೋಸಾಫ್ಟ್ 2024ರಲ್ಲಿ ಅದರ ತಯಾರಿಕೆಯನ್ನೇ ನಿಲ್ಲಿಸಿತು, ಪಾಪ.

ಇನ್ನೂ ಕಟ್ಟದ ಫ್ಲಾಟ್ ಆದರೆ ಹೆಡ್‌ಸೆಟ್ಟೇ ಸರಿ. ಇರುವ ಮನೆಗಾದರೆ ನಾನು ಮೊದಲು ಫೋನ್ ತೆಗೆಯುತ್ತೇನೆ, ಜೊತೆಗೆ ಟೇಪು. ನಮ್ಮ ಕಪಾಟು ಆರಿಂಚು ಕೆಳಗಿಳಿಯಿತು. ಕಂಬದ ದೆಸೆಯಿಂದ ಫ್ರಿಜ್ ಹಾಲ್‌ಗೆ ಬಂತು.