ಕಂಪ್ಯೂಟರ್ ತಾನಾಗೇ ರೀಸ್ಟಾರ್ಟ್ ಆಗ್ತಿದ್ಯಾ? ಮೊದಲು ಈ ಟಿಕ್ ತೆಗೆಯಿರಿ

ವಿಂಡೋಸ್‌ನಲ್ಲೇ ಇರುವ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎಂಬ ಸೆಟ್ಟಿಂಗ್ ಬಗ್ಗೆ ಈ ವಿಮರ್ಶೆ. ಈ ಟಿಕ್ ಇದ್ದರೆ ಕ್ರ್ಯಾಶ್ ಆದ (ದೋಷದಿಂದ ನಿಂತುಹೋದ) ಕೂಡಲೇ ವಿಂಡೋಸ್ ತಾನೇ ರೀಸ್ಟಾರ್ಟ್ ಆಗುತ್ತದೆ, ಕಾರಣ ಓದಲು ಸಿಗುವುದಿಲ್ಲ. ಕಾಸು ಕೊಡಬೇಕಿಲ್ಲ, ಏನನ್ನೂ ಡೌನ್‌ಲೋಡ್ ಮಾಡಬೇಕಿಲ್ಲ.

ನನ್ನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಫ್ಲೆಕ್ಸ್ ಕೆಲಸ. ಕೋರೆಲ್ ಡ್ರಾದಲ್ಲಿ ನುಡಿ ಫಾಂಟ್ ಹಾಕಿ ಹೆಸರು ಜೋಡಿಸುತ್ತಿದ್ದಾಗ ನೀಲಿ ಪರದೆ ಮಿಂಚಿದಂತೆ ಬಂದು ಹೋಗುತ್ತಿತ್ತು. ಓದುವಷ್ಟರಲ್ಲಿ ಮತ್ತೆ ವಿಂಡೋಸ್ ಲೋಗೊ. ರಿಪೇರಿಯವರೊಬ್ಬರು ಬಿಚ್ಚಿಯೂ ನೋಡದೆ ಮದರ್‌ಬೋರ್ಡ್ ಹೋಗಿದೆ ಅಂದುಬಿಟ್ಟರು. ಕಾರಣ ಹುಡುಕದೆ ಹೀಗೆ ಹೇಳುವುದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ.

ಸ್ಟಾರ್ಟ್ ಮೆನುವಿನಲ್ಲಿ ‘ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್’ ಎಂದು ಹುಡುಕಿ. ಅಲ್ಲಿ ‘ಸ್ಟಾರ್ಟಪ್ ಅಂಡ್ ರಿಕವರಿ’ ಕೆಳಗಿನ ಸೆಟ್ಟಿಂಗ್ಸ್ ಒತ್ತಿ. ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಮುಂದಿನ ಟಿಕ್ ತೆಗೆದು ಓಕೆ ಕೊಡಿ. ಅಷ್ಟೇ. ಮುಂದಿನ ಸಲ ಕ್ರ್ಯಾಶ್ ಆದಾಗ ಪರದೆ ಹಾಗೇ ನಿಲ್ಲುತ್ತದೆ. ಕೆಳಗಿರುವ, ಕ್ರ್ಯಾಶ್ ಏಕಾಯಿತೆಂದು ಸೂಚಿಸುವ ಸ್ಟಾಪ್ ಕೋಡ್‌ನ ಫೋಟೊ ತೆಗೆದುಕೊಂಡು, ಆಮೇಲೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೊಸ ವಿಂಡೋಸ್ 11ರಲ್ಲಿ ಈ ಪರದೆ ನೀಲಿ ಅಲ್ಲ, ಕಪ್ಪು. 2025ರಲ್ಲಿ ಬದಲಾಯಿಸಿದರು.

ನನಗೆ ಸಿಕ್ಕಿದ್ದು ‘ಮೆಮೊರಿ ಮ್ಯಾನೇಜ್‌ಮೆಂಟ್’. ಈ ಕೋಡ್ ಬಂದರೆ ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್ ಮೇಲೆ ಅನುಮಾನ ಪಡಬೇಕು, ಆದರೆ ಡ್ರೈವರ್ (ಯಂತ್ರಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಕೆಟ್ಟರೂ ಇದೇ ಬರಬಹುದು. ಹಾಗಾಗಿ ವಿಂಡೋಸ್‌ನ ಮೆಮೊರಿ ಡಯಾಗ್ನೊಸ್ಟಿಕ್ ಎಂಬ ಪರೀಕ್ಷೆ ಓಡಿಸಿದೆ. ಹಾರ್ಡ್‌ವೇರ್ ತೊಂದರೆ ಇದೆ ಎಂದಿತು. ಎರಡು ರ‍್ಯಾಮ್ ಕಡ್ಡಿಗಳನ್ನೂ ತೆಗೆದು, ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ಕಪ್ಪಗಿದ್ದ ಕೊಳೆ ರಬ್ಬರಿಗೇ ಹತ್ತಿಕೊಂಡಿತು. ಆಮೇಲೆ ಒಂದೊಂದನ್ನೇ ಹಾಕಿ ಪರೀಕ್ಷಿಸಿದೆ. ಒಂದು ಪಾಸ್, ಇನ್ನೊಂದು ಮತ್ತೆ ಫೇಲ್. ಅದೊಂದನ್ನೇ ಬದಲಾಯಿಸಿದೆ. ಮದರ್‌ಬೋರ್ಡ್ ಅದೇ ಇದೆ, ಈಗಲೂ ಗಟ್ಟಿಯಾಗಿ ಓಡುತ್ತಿದೆ.

ಕೊರತೆ ಇಲ್ಲವೇ? ಇದೆ. ಇಷ್ಟು ಉಪಯೋಗದ ಸೆಟ್ಟಿಂಗನ್ನು ಅಷ್ಟು ಒಳಗೆ ಬಚ್ಚಿಟ್ಟಿದ್ದಾರೆ. ಯಾರಾದರೂ ಹೇಳಿಕೊಡದೆ ಸಿಗುವುದು ಕಷ್ಟ. ಪವರ್ ಸಪ್ಲೈ ಕೈಕೊಟ್ಟಿದ್ದರೆ ಇದರಿಂದ ಉಪಯೋಗವೂ ಇಲ್ಲ. ಕರೆಂಟೇ ಕಡಿದುಹೋದ ಮೇಲೆ ಪರದೆ ಎಲ್ಲಿಂದ ಬರಬೇಕು ಅಲ್ವಾ? ಟಿಕ್ ತೆಗೆದ ಮೇಲೂ ಕೋಡ್ ಕಾಣದೆ ದಿಢೀರ್ ಅಂತ ರೀಸ್ಟಾರ್ಟ್ ಆದರೆ ಪವರ್ ಸಪ್ಲೈ ಡಬ್ಬಿಯಾದ ಎಸ್‌ಎಂಪಿಎಸ್, ಪ್ರೊಸೆಸರ್ ಫ್ಯಾನ್, ಒಳಗಿನ ಧೂಳು ನೋಡಿ.

ವಿಂಡೋಸ್ ಪೂರ್ತಿ ತೆರೆಯುವುದೇ ಇಲ್ಲ ಅನ್ನುವವರಿಗೂ ದಾರಿ ಇದೆ. ರಿಕವರಿ ಪರದೆಯಿಂದ ‘ಸ್ಟಾರ್ಟಪ್ ಸೆಟ್ಟಿಂಗ್ಸ್’ಗೆ ಹೋಗಿ 9 ಒತ್ತಿದರೆ ಆ ಒಂದು ಸಲಕ್ಕೆ ಇದೇ ಕೆಲಸ ಆಗುತ್ತದೆ.

ಸಿಸಿಟಿವಿ ರೆಕಾರ್ಡ್ ಮಾಡುವ ಕಂಪ್ಯೂಟರ್, ದೂರದಿಂದ ಲಾಗಿನ್ ಆಗುವ ಆಫೀಸ್ ಕಂಪ್ಯೂಟರ್‌ಗಳಲ್ಲಿ ಮಾತ್ರ ದೋಷ ಸಿಕ್ಕ ಮೇಲೆ ಟಿಕ್ ಮತ್ತೆ ಹಾಕಿಬಿಡಿ. ಅಲ್ಲಿ ಪವರ್ ಬಟನ್ ಒತ್ತಲು ಯಾರೂ ಇರುವುದಿಲ್ಲ.