ಐರಿಷ್ ಜೀತ, ಆಫ್ರಿಕನ್ ಗುಲಾಮಗಿರಿ: ಮೂರು ಕಾದಂಬರಿ ಪಕ್ಕಪಕ್ಕ ಇಟ್ಟು ಓದಿದಾಗ

ಈ ಮಳೆಗಾಲ ಮೂರು ಕಾದಂಬರಿಗಳನ್ನು ಬೆನ್ನುಬೆನ್ನಿಗೆ ಓದಿದೆ. ಮೂರರಲ್ಲೂ ಐರ್ಲೆಂಡಿನಿಂದ ಕಡಲು ದಾಟಿ ಬಂದ ಒಬ್ಬರಿದ್ದಾರೆ. ಮೂರರಲ್ಲೂ ಆಫ್ರಿಕನ್ ಗುಲಾಮರಿದ್ದಾರೆ. ಯಾವುದು ಚೆನ್ನಾಗಿದೆ ಅನ್ನುವ ಬಗ್ಗೆ ನನ್ನ ಅಭಿಪ್ರಾಯ ಓದುತ್ತಾ ಓದುತ್ತಾ ಎರಡು ಸಲ ಬದಲಾಯಿತು.

ಮೊದಲು ಹಿಡಿದದ್ದು ಕ್ಯಾಥ್ಲೀನ್ ಗ್ರಿಸಮ್ ಅವರ 'ದಿ ಕಿಚನ್ ಹೌಸ್' (2010). ಕಥೆ ನಡೆಯುವುದು 1791ರಿಂದ. ಏಳು ವರ್ಷದ ಲವಿನಿಯಾಳ ಅಪ್ಪ, ಅಮ್ಮ ಹಡಗಿನಲ್ಲೇ ತೀರಿಕೊಂಡಿದ್ದಾರೆ. ಕ್ಯಾಪ್ಟನ್ ಅವಳನ್ನು ವರ್ಜೀನಿಯಾದ ತನ್ನ ಹೊಗೆಸೊಪ್ಪಿನ ತೋಟಕ್ಕೆ ಕರೆತಂದು ಅಡುಗೆಮನೆಯ ಜೀತಕ್ಕೆ ಹಾಕುತ್ತಾನೆ. ಅಲ್ಲಿ ಅವಳನ್ನು ಸಾಕುವವಳು ಬೆಲ್. ಬೆಲ್ ಆ ಮನೆಯ ಗುಲಾಮಳು. ಕ್ಯಾಪ್ಟನ್‌ಗೇ ಹುಟ್ಟಿದ ಮಗಳು ಕೂಡ. ಇಬ್ಬರೂ ಸರದಿಯಲ್ಲಿ ಕಥೆ ಹೇಳುತ್ತಾರೆ.

ಎರಡು ರಾತ್ರಿ ನಿದ್ದೆಗೆಟ್ಟು ಮುಗಿಸಿದೆ. ಅಷ್ಟು ಎಳೆದುಕೊಂಡು ಹೋಗುತ್ತದೆ. ಆದರೆ ಧಾರಾವಾಹಿಯ ಚಾಳಿಯೂ ಇದೆ. ಸಾವು, ಅಫೀಮು, ಅತ್ಯಾಚಾರ, ಮುಚ್ಚಿಟ್ಟ ಗುಟ್ಟು, ಒಂದರ ಬೆನ್ನಿಗೆ ಒಂದು. ಯಾರಾದರೂ ಬಾಯಿಬಿಟ್ಟು ಒಂದೇ ಒಂದು ನಿಜ ಹೇಳಿದ್ದರೆ ಅರ್ಧ ಅನಾಹುತ ತಪ್ಪುತ್ತಿತ್ತು. 'ಹೇಳೇ ಮಾರಾಯ್ತಿ' ಅಂತ ನಾನೇ ಗೊಣಗಿಕೊಂಡೆ. ಬೆಲ್‌ಳ ಅಧ್ಯಾಯಗಳು ಚಿಕ್ಕವು. ನನಗೆ ಬೇಕಾಗಿದ್ದದ್ದು ಅವೇ.

ಆದರೂ ಒಂದು ವಿಷಯ ಈ ಪುಸ್ತಕದಲ್ಲಿ ಗಟ್ಟಿಯಾಗಿ ಬಂದಿದೆ. ನಾವು ಜೀತ, ಗುಲಾಮಗಿರಿ ಎರಡನ್ನೂ ಒಂದೇ ಅನ್ನುವ ಹಾಗೆ ಮಾತಾಡುತ್ತೇವೆ, ಅಲ್ವಾ? ನಮ್ಮ ಕಡೆಯ ಜೀತ ಅಪ್ಪನಿಂದ ಮಗನಿಗೂ ದಾಟುತ್ತಿತ್ತು, ಹಾಗಾಗಿ ಆ ಗೊಂದಲ ಸಹಜ. ಅಮೆರಿಕದಲ್ಲಿ ಬಿಳಿಯರ ಜೀತಕ್ಕೆ ವರ್ಷದ ಲೆಕ್ಕವಿತ್ತು. ಗುಲಾಮಗಿರಿಗೆ ಇರಲಿಲ್ಲ. ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂದು ವರ್ಜೀನಿಯಾ 1662ರಲ್ಲೇ ಕಾನೂನು ಮಾಡಿತ್ತು. ಅಪ್ಪ ಯಾರಾದರೇನು. ಅದಕ್ಕೇ ಅನಾಥೆ ಲವಿನಿಯಾ ಬೆಳೆದು ದೊಡ್ಡಮನೆಯ ಬಾಗಿಲು ದಾಟುತ್ತಾಳೆ. ಯಜಮಾನನ ಸ್ವಂತ ಮಗಳು ಅಡುಗೆಮನೆಯಲ್ಲಿ ಬಿಡುಗಡೆ ಪತ್ರಕ್ಕೆ ಕಾಯುತ್ತಾಳೆ.

ಎರಡನೆಯದು ಕೇಟ್ ಮೆಕ್‌ಕ್ಯಾಫರ್ಟಿ ಅವರ 'ಟೆಸ್ಟಿಮನಿ ಆಫ್ ಆನ್ ಐರಿಷ್ ಸ್ಲೇವ್ ಗರ್ಲ್' (2002). ಐರ್ಲೆಂಡಿನ ಗಾಲ್ವೇಯಿಂದ ಅಪಹರಿಸಿ ಕೆರಿಬಿಯನ್ ದ್ವೀಪ ಬಾರ್ಬಡೋಸ್‌ಗೆ ಸಾಗಿಸಿದ ಹುಡುಗಿ ಕಾಟ್ ಡೇಲಿ. ಆಫ್ರಿಕನ್ನರೂ ಐರಿಷರೂ ಸೇರಿ ಹೂಡಿದ ದಂಗೆ ವಿಫಲವಾಗಿದೆ, ಅವಳ ವಿಚಾರಣೆ ನಡೆಯುತ್ತಿದೆ. ಅಧಿಕಾರಿಗೆ ದಂಗೆಕೋರರ ಹೆಸರು ಬೇಕು. ಅವಳಿಗೆ ತನ್ನ ಬದುಕನ್ನು ಹೇಳಬೇಕು. ಅವನ ಆತುರ, ಅವಳ ನಿಧಾನ, ಈ ಜಗ್ಗಾಟದಲ್ಲೇ ಇಡೀ ಪುಸ್ತಕ ನಿಂತಿದೆ. ಮೊದಲ ನಲವತ್ತು ಪುಟ ನಾನೂ ಒದ್ದಾಡಿದೆ. ಆಮೇಲೆ ಕಬ್ಬಿನ ಗದ್ದೆಯ ಬಿಸಿಲು ಮೈಗೆ ಹತ್ತಿತು. 'ಕಿಚನ್ ಹೌಸ್'ನಲ್ಲಿ ಕಣ್ಣೀರು ಜಾಸ್ತಿ, ಇಲ್ಲಿ ಬೆವರು ಜಾಸ್ತಿ.

ನನ್ನ ತಕರಾರು ಇರುವುದು ಹೆಸರಿನಲ್ಲಿರುವ 'ಸ್ಲೇವ್' ಪದದ ಬಗ್ಗೆ. ಕಾಟ್‌ಳಂಥವರು ಪಟ್ಟ ಪಾಡು ಸುಳ್ಳಲ್ಲ. ಆದರೆ 1661ರಲ್ಲಿ ಬಾರ್ಬಡೋಸ್ ಜೀತದಾಳುಗಳಿಗೇ ಬೇರೆ ಕಾನೂನು, ಗುಲಾಮರಿಗೇ ಬೇರೆ ಕಾನೂನು ಬರೆಯಿತು. ಇವತ್ತು ಅಂತರ್ಜಾಲದಲ್ಲಿ 'ಐರಿಷರೂ ಗುಲಾಮರೇ ಆಗಿದ್ದರು, ಅವರು ಸುಮ್ನಿಲ್ವಾ?' ಅಂತ ಕಪ್ಪು ಜನರ ಬಾಯಿ ಮುಚ್ಚಿಸುವವರಿದ್ದಾರೆ. ಲಿಮರಿಕ್‌ನ ಗ್ರಂಥಪಾಲಕ ಲಿಯಮ್ ಹೋಗನ್ ಈ ವಾದದ ಪೊಳ್ಳನ್ನು ದಾಖಲೆ ಸಮೇತ ಬಿಚ್ಚಿಟ್ಟಿದ್ದಾರೆ. ಕಾದಂಬರಿಯ ಒಳಗೆ ಐರಿಷರೂ ಆಫ್ರಿಕನ್ನರೂ ಕೈಜೋಡಿಸುತ್ತಾರೆ. ಮುಖಪುಟ ನೋಡಿದವರಿಗೆ ಅದು ಗೊತ್ತಾಗುವುದಿಲ್ಲ.

ಮೂರನೆಯದು ಹಳೆಯ 'ಗಾನ್ ವಿತ್ ದಿ ವಿಂಡ್' (1936). ಗುಲಾಮಗಿರಿಯನ್ನು ಸವಿನೆನಪಿನ ಹಾಗೆ ಬರೆಯುವ ಅದರ ರೀತಿ ಈಗ ನುಂಗಲು ಆಗುವುದಿಲ್ಲ. ಪುಟ ಹಾರಿಸಿದೆ. ಆದರೆ ನಾಯಕಿ ಸ್ಕಾರ್ಲೆಟ್‌ಳ ಅಪ್ಪ ಜೆರಾಲ್ಡ್ ಒ'ಹಾರಾ ಮಾತ್ರ ಮರೆಯುವಂಥವನಲ್ಲ. ಐರ್ಲೆಂಡಿನಲ್ಲಿ ಜಮೀನ್ದಾರನ ಗೇಣಿ ವಸೂಲಿಗಾರನನ್ನು ಕೊಂದು ಓಡಿಬಂದವನು. ಜಾರ್ಜಿಯಾದಲ್ಲಿ ಇಸ್ಪೀಟಾಡಿ ಒಬ್ಬ ಗುಲಾಮನನ್ನು ಗೆಲ್ಲುತ್ತಾನೆ, ಆಮೇಲೆ ತೋಟವನ್ನೇ ಗೆಲ್ಲುತ್ತಾನೆ. ಅದಕ್ಕೆ ಐರಿಷ್ ರಾಜರ ಬೆಟ್ಟದ ಹೆಸರು, ಟಾರಾ. ಇದರಲ್ಲಿ ವಿಚಿತ್ರವೇನಿದೆ ಅಂತ ಲೇಖಕಿಗೆ ಅನಿಸಿದ ಹಾಗೇ ಇಲ್ಲ.

ನಿಜವಾದ ಇತಿಹಾಸದಲ್ಲಿ ಜೆರಾಲ್ಡ್‌ನನ್ನೂ ಮೀರಿಸುವವರಿದ್ದರು. ಫ್ರಾನ್ಸಿನ ನಾಂತ್ ಬಂದರಿನಲ್ಲಿ ಆಂಟ್ವಾನ್ ವಾಲ್ಶ್ ಇದ್ದ, ಐರಿಷ್ ಮನೆತನದವನು. ಗುಲಾಮರ ಹಡಗುಗಳ ಒಡೆಯ. 1745ರಲ್ಲಿ ಬ್ರಿಟನ್ನಿನ ಸಿಂಹಾಸನ ಕೇಳಲು ಹೊರಟ ರಾಜಕುಮಾರ ಚಾರ್ಲ್ಸ್ ಸ್ಟುವರ್ಟ್‌ನನ್ನು ಸ್ಕಾಟ್ಲೆಂಡಿಗೆ ತಲುಪಿಸಿದ್ದು ಇವನದೇ ಹಡಗು. ಐರಿಷ್ ತೋಟದವರೇ ತುಂಬಿದ್ದ ಕೆರಿಬಿಯನ್‌ನ ಮಾಂಟ್‌ಸೆರಾಟ್ ದ್ವೀಪದಲ್ಲಿ ಗುಲಾಮರು 1768ರ ಮಾರ್ಚ್ 17ರಂದೇ ದಂಗೆ ಏಳಲು ಯೋಜಿಸಿದ್ದರು. ಅವತ್ತು ಸಂತ ಪ್ಯಾಟ್ರಿಕ್ ಹಬ್ಬ, ಯಜಮಾನರು ಕುಡಿದು ಮೈಮರೆತಿರುತ್ತಾರೆ ಅನ್ನುವ ಲೆಕ್ಕ. ಗುಟ್ಟು ಸೋರಿತು, ದಂಗೆಕೋರರನ್ನು ಗಲ್ಲಿಗೇರಿಸಿದರು. ಮೂರು ತಲೆಮಾರಿನ ಕಾದಂಬರಿಗೆ ಇದಕ್ಕಿಂತ ಸರಕು ಬೇಕಾ?

ಸದ್ಯಕ್ಕೆ ನನ್ನ ಮತ ಕಾಟ್ ಡೇಲಿಗೆ. ಓದಿಸಿಕೊಳ್ಳುವುದರಲ್ಲಿ ಮಾತ್ರ ಲವಿನಿಯಾಳೇ ಮುಂದೆ. ಎರಡನ್ನೂ ಅಕ್ಕನಿಗೆ ಕೊಟ್ಟಿದ್ದೆ. 'ಕಿಚನ್ ಹೌಸ್' ಮೂರೇ ದಿನಕ್ಕೆ ವಾಪಸ್ ಬಂತು, ಮುಂದಿನ ಭಾಗ ಇದೆಯಾ ಅನ್ನುವ ಪ್ರಶ್ನೆಯ ಜೊತೆ. ಇನ್ನೊಂದು ಇನ್ನೂ ಅವಳ ದಿಂಬಿನ ಪಕ್ಕದಲ್ಲೇ ಇದೆ, ಮೂವತ್ತೆಂಟನೇ ಪುಟದಲ್ಲಿ ಬಸ್ ಟಿಕೆಟ್ ಸಿಕ್ಕಿಸಿಕೊಂಡು.